ವೀಗನ್ ಮೊಸರಿಗೆ ಹಸುವಿನ ಹೆಪ್ಪಂತೆ!

‘ಶೇಂಗಾ ಮೊಸರು ಮಾಡೋದು ಹೇಗೆ’ ಅಂತ ಈಗ ಹುಡುಕಿ ನೋಡಿ. ಪುಟದ ನೆತ್ತಿಯ ಮೇಲೆ ಎಐ ಯಂತ್ರ ಬರೆದ ಉತ್ತರ ಠೀವಿಯಿಂದ ಕೂತಿರುತ್ತೆ: ಹೆಪ್ಪಿಗೆ ಒಂದು ಚಮಚ ಮೊಸರು ಹಾಕಿ! ವೀಗನ್ ಅಂದರೆ ಹಾಲು, ತುಪ್ಪ, ಜೇನು ಸೇರಿ ಪ್ರಾಣಿಮೂಲದ್ದು ಯಾವುದೂ ಬೇಡ ಅನ್ನೋರು; ಹಸುವಿನ ಮೊಸರನ್ನೇ ಹಾಕೋದಾದರೆ ಅವರಿಗೆ ಇಷ್ಟೆಲ್ಲ ಒದ್ದಾಟ ಯಾಕ್ರೀ?

ಸರಿಯಾದ ಕ್ರಮ ಬ್ರಹ್ಮವಿದ್ಯೆಯೇನಲ್ಲ. ಒಂದು ಲೋಟ ಶೇಂಗಾವನ್ನು 8 ಗಂಟೆ ನೆನೆಸಿ, ಸಿಪ್ಪೆ ತಿಕ್ಕಿ ತೆಗೆದು, 3 ಲೋಟ ನೀರಿನಲ್ಲಿ ನುಣ್ಣಗೆ ರುಬ್ಬಿ ಸೋಸಬೇಕು. ತಳ ಹಿಡಿಯದಂತೆ ಕೈಯಾಡಿಸುತ್ತ, ಕುದಿ ಬಂದ ಮೇಲೂ 10 ನಿಮಿಷ ಕಾಯಿಸಬೇಕು. ಇಲ್ಲಿ ಅವಸರಪಟ್ಟರೆ ಹಸಿ ವಾಸನೆ ಹೋಗಲ್ಲ. ಉಗುರುಬೆಚ್ಚಗಾದಾಗ ತೊಳೆದ ಹಸಿಮೆಣಸಿನಕಾಯಿಯ ಏಳೆಂಟು ತೊಟ್ಟು ಮುಳುಗಿಸಿ ಮುಚ್ಚಿಡಿ. ತೊಟ್ಟಿಗಂಟಿದ ಬ್ಯಾಕ್ಟೀರಿಯಾಗಳೇ ಹುಳಿ ಬರಿಸೋದು. ಸುಡುವ ಹಾಲಿಗೆ ಹಾಕಿದರೆ ಅವೂ ಸತ್ತವು, ಮೊಸರೂ ಕೆಟ್ಟಿತು. ಮೊದಲ ಸಲ 10-12 ಗಂಟೆ ಬೇಕು, ಆದರೂ ತೆಳ್ಳಗೇ ಇರುತ್ತೆ. ಅದರದೇ ಎರಡು ಚಮಚ ಹೆಪ್ಪು ಹಾಕಿದ ಎರಡನೇ ಸಲದ್ದೇ ಚೆಂದ. ಲೋಳೆ ಬಂದರೆ, ಗುಲಾಬಿ ಬಣ್ಣ ಕಂಡರೆ ಚೆಲ್ಲಿಬಿಡಿ.

ಹೀಗೆ ಮಾಡಿ ನೋಡಿ ಬರೆದವರ ಪುಟಗಳು ಕೆಳಗೆಲ್ಲೋ ಹೂತುಹೋಗಿವೆ. ಮೇಲಿರೋದು ಯಂತ್ರವೇ ಬಿಡಿಸಿದ, ಆರು ಬೆರಳಿನ ಕೈ ಹಿಡಿದ ಬಟ್ಟಲಿನ ಚಿತ್ರ.

‘ಹಸಿರು ಚುಕ್ಕೆ ಇದ್ದರೆ ವೀಗನ್’ ಅನ್ನೋ ಸಲಹೆಯಂತೂ ಇನ್ನೊಂದು ಕರ್ಮ. ಆ ಚುಕ್ಕೆ ತುಪ್ಪದ ಡಬ್ಬಿಗೂ ಇರುತ್ತೆ, ಜೇನಿನ ಬಾಟಲಿಗೂ ಇರುತ್ತೆ. ವೀಗನ್‌ಗೆ 2022ರ ನಿಯಮದಲ್ಲಿ ಬೇರೆ ಗುರುತೇ ಇದೆ: ಚೌಕದೊಳಗೆ ಹಸಿರು ‘ವಿ’, ಅದಕ್ಕೊಂದು ಎಲೆ. ಅದು ಕಾಣದಿದ್ದರೆ ಪೊಟ್ಟಣ ತಿರುಗಿಸಿ, ಸಣ್ಣಕ್ಷರದಲ್ಲಿ ‘ಹಾಲಿನ ಘನಾಂಶ’ ಅಡಗಿದೆಯಾ ಹುಡುಕಿ.