ಡಬ್ಬ ಬದಲಾಗಲಿಲ್ಲ ಎಂದು ನಗುವವರಿಗೆ

ಭಾನುವಾರದ ಊಟ ಮುಗಿಸಿ ಒರಗಿದ್ದೆ. ಅಕ್ಕನ ಮಗ, ಎಂಜಿನಿಯರಿಂಗ್ ಮೂರನೆಯ ವರ್ಷ, ಮೊಬೈಲ್ ಹಿಡಿದು ನಗುತ್ತ ಬಂದ. ಪರದೆಯ ಮೇಲೆ ಅಮೆರಿಕದ ಸೇನೆಯ ಎರಡು ಬೆನ್ನುಹೊರೆ ರೇಡಿಯೊಗಳು: ವಿಯೆಟ್ನಾಂ ಯುದ್ಧದ ಪಿಆರ್‌ಸಿ-25, ಅದರ ಪಕ್ಕದಲ್ಲಿ 1968ರಲ್ಲಿ ಬಂದ ಪಿಆರ್‌ಸಿ-77. "ನೋಡಿ ಮಾವ, ಎರಡೂ ಒಂದೇ ಡಬ್ಬ! ಚಿಪ್ ಹಾಕಿದ್ದರೆ ಬೆಂಕಿಪೊಟ್ಟಣದಷ್ಟಾಗುತ್ತಿತ್ತು."

ನನ್ನ ನಿದ್ದೆ ಅಲ್ಲಿಗೆ ಮುಗಿಯಿತು.

ಡಬ್ಬ ಒಂದೇ ಇರಬೇಕಾಗಿತ್ತಪ್ಪಾ! ಅದೇ ಬ್ಯಾಟರಿ, ಅದೇ ಆಂಟೆನಾ, ಅದೇ 920 ಚಾನೆಲ್. ಕತ್ತಲೆಯಲ್ಲಿ, ಮಳೆಯಲ್ಲಿ ತಡಕಾಡುವ ಬೆರಳಿಗೆ ನಾಬ್ ಇದ್ದ ಕಡೆಯೇ ಸಿಗಬೇಕು. 25ರ ಒಳಗೆ ಆಗಲೇ ಎಲ್ಲವೂ ಟ್ರಾನ್ಸಿಸ್ಟರ್. ಉಳಿದಿದ್ದು ಒಂದೇ ಒಂದು ವಾಲ್ವ್, ಅಂದರೆ ಒಳಗೆ ತಂತಿ ಕಾಯುವ ಹಳೆಯ ಕಾಲದ ನಿರ್ವಾತ ಕೊಳವೆ, ಪ್ರಸಾರದ ಕೊನೆಯ ಹಂತದಲ್ಲಿ. ಅದನ್ನು ಕಿತ್ತು ಅಲ್ಲಿಗೂ ಟ್ರಾನ್ಸಿಸ್ಟರ್ ಕೂರಿಸಿದ್ದೇ 77ರ ಸಾಧನೆ. ಕಿವಿಗೆ ಕೇಳಿಸುವ ಭಾಗವನ್ನು ಎಷ್ಟಾದರೂ ಕುಗ್ಗಿಸಿ. ಆಂಟೆನಾಕ್ಕೆ ಶಕ್ತಿ ತಳ್ಳುವ ಕಡೆ ಶಾಖ ಕೂತಿರುತ್ತದೆ, ಅದು ನಿಮ್ಮ ಪಠ್ಯಪುಸ್ತಕ ಓದಿಲ್ಲ. ವಾಲ್ವಿನ ತಂತಿ ಕಾಯಿಸುವ ಖರ್ಚು ತಪ್ಪಿ ಬ್ಯಾಟರಿ ಹೆಚ್ಚು ಹೊತ್ತು ಬಂತು. ಫೋಟೊದಲ್ಲಿ ಅದು ಹೇಗೆ ಕಾಣಬೇಕು?

ಕುಗ್ಗಿಸುವ ಹಟವೇ ತಪ್ಪೇ ಎಂದು ಕೇಳುತ್ತೀರಿ. ಹಟ ಹಿಡಿದೂ ನೋಡಿದ್ದಾರೆ. 1958ರಲ್ಲಿ ಅಮೆರಿಕದ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ ಕೋರ್, ಆರ್‌ಸಿಎ ಕಂಪನಿಯ ಕೈಯಲ್ಲಿ ಮೈಕ್ರೊಮಾಡ್ಯೂಲ್ ಮಾಡಿಸಲು ಹೊರಟಿತು: ಸುಮಾರು 8 ಮಿಲಿಮೀಟರ್ ಅಗಲದ ಪಿಂಗಾಣಿ ಬಿಲ್ಲೆಗಳು, ಒಂದೊಂದರ ಮೇಲೆ ಒಂದೊಂದು ಭಾಗ, ಇಡ್ಲಿ ತಟ್ಟೆಯಂತೆ ಒಂದರ ಮೇಲೊಂದು. ಅದೇ ಸೆಪ್ಟೆಂಬರ್‌ನಲ್ಲಿ ಜ್ಯಾಕ್ ಕಿಲ್ಬಿ ಎಂಬ ಎಂಜಿನಿಯರ್ ಎಲ್ಲವನ್ನೂ ಒಂದೇ ಅರೆವಾಹಕದ ತುಂಡಿನಲ್ಲಿ, ಅಂದರೆ ಚಿಪ್ಪಿನಲ್ಲಿ, ಮಾಡಿ ತೋರಿಸಿದ. ಇಡ್ಲಿ ತಟ್ಟೆ ಮೂಲೆ ಸೇರಿತು. ಹಾಗಾದರೆ ಚಿಪ್ ಗೆದ್ದಿತಲ್ಲ? ಗೆದ್ದಿತು ಸ್ವಾಮಿ. ಆದರೂ ಹತ್ತು ವರ್ಷದ ಮೇಲೆ ಬಂದದ್ದು ಅದೇ ಡಬ್ಬ! ಸಾಲದ್ದಕ್ಕೆ, ಮಾತನ್ನು ಗುಪ್ತಲಿಪಿಗೆ ತಿರುಗಿಸುವ ಕೆವೈ-38 ಪೆಟ್ಟಿಗೆಯನ್ನು 77ಕ್ಕೆ ಜೋಡಿಸಿದರೆ ಒಟ್ಟು ತೂಕ 24 ಕಿಲೊ ದಾಟುತ್ತಿತ್ತು. ಎಲೆಕ್ಟ್ರಾನಿಕ್ಸ್ ಬೆಳೆದರೆ ಹೊರೆ ಇಳಿಯುತ್ತದೆ ಎನ್ನುವವರು ಒಮ್ಮೆ ಅದನ್ನು ಹೊತ್ತು ಗುಡ್ಡ ಹತ್ತಲಿ.

ನಾನು ಇಷ್ಟು ಹಾರಾಡುವುದಕ್ಕೆ ಬೇರೆ ಕಾರಣವೂ ಇದೆ. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊದ ಹುಚ್ಚು ಹತ್ತಿದ ಹೊಸತರಲ್ಲಿ ನನ್ನ ವಾಲ್ವ್ ಸೆಟ್ಟನ್ನೂ ಹೀಗೆಯೇ ಟ್ರಾನ್ಸಿಸ್ಟರಿಗೆ ಬದಲಿಸಲು ಕೂತಿದ್ದೆ. ಒಂದು ವಾರದಲ್ಲಿ ಮೂರು ಪವರ್ ಟ್ರಾನ್ಸಿಸ್ಟರ್ ಸುಟ್ಟವು. ಮೂರನೆಯದನ್ನು ಕೊಂಡದ್ದು ಅಪ್ಪನಿಗೆ ಸುಳ್ಳು ಹೇಳಿ. ಅವು ಇನ್ನೂ ನಶ್ಯದ ಡಬ್ಬಿಯಲ್ಲಿ, ಬೀರುವಿನ ಹಿಂದುಗಡೆ ಇವೆ. ಹುಡುಗನಿಗೆ ತೋರಿಸಲಿಲ್ಲ.