ಸತ್ಯಾಂಶ: ಪ್ರತಿ ಸ್ಯಾಕ್ ಲೈನ್‌ಮನ್‌ನ ತಪ್ಪಲ್ಲ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಎಸೆಯುವ ಮೊದಲೇ ಎದುರಾಳಿ ಕೆಡವಿದರೆ ಅದು ಸ್ಯಾಕ್; ಅವನ ಮುಂದೆ ಸಾಲಾಗಿ ನಿಂತು ಎದುರಾಳಿಗಳನ್ನು ತಡೆಯುವವರು ಲೈನ್‌ಮನ್‌ಗಳು. ಸೀಸನ್ ಬಂತೆಂದರೆ, ಲೆಫ್ಟ್ ಟ್ಯಾಕಲ್ (ಸಾಲಿನ ಎಡತುದಿಯ ಲೈನ್‌ಮನ್) ಒಬ್ಬ ‘ಇಷ್ಟು ಸ್ಯಾಕ್ ಬಿಟ್ಟುಕೊಟ್ಟ’ ಎಂಬ ಫಾರ್ವರ್ಡ್ ಸಂದೇಶ ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಅಧಿಕೃತ ಲೆಕ್ಕವೆಂಬಂತೆ ಓಡಾಡುತ್ತದೆ. ಅಂಥ ಅಧಿಕೃತ ಲೆಕ್ಕವೇ ಇಲ್ಲ. 1982ರಿಂದ ಲೀಗ್ ಸ್ಯಾಕನ್ನು ಬರೆಯುವುದು ಕೆಡವಿದ ಡಿಫೆಂಡರ್‌ನ ಖಾತೆಗೆ. ಯಾವ ಲೈನ್‌ಮನ್ ಬಿಟ್ಟ ಎಂಬುದು ವಿಡಿಯೊ ನೋಡಿ ಎಣಿಸುವವರ ಅಂದಾಜು. ಹಾಗಾಗಿ ಒಬ್ಬನಿಗೇ ಎರಡು ಕಡೆ ಎರಡು ಸಂಖ್ಯೆ ಸಿಗಬಹುದು.

ನೀವೇ ಪರೀಕ್ಷಿಸಿ. ಸ್ನ್ಯಾಪ್ ಆದ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುವಾದ) ಕ್ಷಣದಿಂದ ಎಣಿಸಿ: ಎರಡು ಸೆಕೆಂಡಿಗೇ ಲೈನ್‌ಮನ್‌ನ ಬ್ಲಾಕ್ (ತಡೆ) ಮುರಿದರೆ ಟೀಕೆ ನ್ಯಾಯವೇ. ನಾಲ್ಕು ಸೆಕೆಂಡಾದರೂ ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದೇ ನಿಂತಿದ್ದರೆ ಹೊಣೆಯಲ್ಲಿ ಅವನಿಗೂ ಪಾಲಿದೆ. ಇನ್ನೊಂದು ಸೂಕ್ಷ್ಮ: ಲೈನ್ ಒಟ್ಟಾಗಿ ಒಳಕ್ಕೆ ಸರಿದು, ಹೊರಗಿನಿಂದ ನುಗ್ಗುವವನನ್ನು ರನ್ನಿಂಗ್ ಬ್ಯಾಕ್‌ಗೆ (ಚೆಂಡು ಹಿಡಿದು ಓಡುವ ಆಟಗಾರನಿಗೆ) ವಹಿಸಿರುವುದುಂಟು. ಆಗ ಟ್ಯಾಕಲ್‌ನ ಪಕ್ಕದಲ್ಲೇ ಎದುರಾಳಿ ದಾಟಿದರೂ ತಪ್ಪು ಟ್ಯಾಕಲ್‌ನದಲ್ಲ. ಟಿವಿಯ ಪಕ್ಕದ ಕೋನದಲ್ಲಿ ಇದು ಸರಿಯಾಗಿ ಕಾಣದು. ಎಂಡ್ ಝೋನ್ (ಮೈದಾನದ ತುದಿ) ಕಡೆಯ ಕ್ಯಾಮೆರಾದ ರೀಪ್ಲೇ ನೋಡಿ.