ಪಕ್ಕದೂರಿನವರನ್ನು ಸೋಲಿಸೋಕೆ ಅಂತಲೇ ಹುಟ್ಟಿದ ಲೀಗು

2025ರ ಜೂನ್‌ನಲ್ಲಿ ನಮ್ಮ ದೇಶದಲ್ಲೂ ರಗ್ಬಿ ಪ್ರೀಮಿಯರ್ ಲೀಗ್ ಅಂತ ಒಂದು ಶುರುವಾಯಿತು. ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ನಮ್ಮದೂ ಒಂದು ತಂಡ. ಒಟ್ಟು ಆರು ತಂಡ, ಪಂದ್ಯವೆಲ್ಲ ಮುಂಬೈನ ಅಂಧೇರಿಯಲ್ಲಿ. ಹುಡುಗರು ಜೀವ ಬಿಟ್ಟು ಓಡಿದರು, ನೋಡೋಕೆ ಮಜಾನೂ ಇತ್ತು, ಇಲ್ಲ ಅನ್ನಲ್ಲ. ಆದರೆ ನನಗೆ ಚೆನ್ನೈ ತಂಡದ ಮೇಲಾಗಲಿ ಹೈದರಾಬಾದ್ ಮೇಲಾಗಲಿ ಒಂಚೂರೂ ಸಿಟ್ಟು ಬರಲಿಲ್ಲ. ಅದೇ ತೊಂದರೆ. ಸಿಟ್ಟು ಬರದ ಲೀಗು ಎಷ್ಟು ದಿನ ನಡೆಯುತ್ತೆ?

ಈ ಆಟದಲ್ಲಿ ಪ್ರಪಂಚದ ಅತ್ಯಂತ ಹಳೆಯ ಲೀಗು ಯಾವುದು ಗೊತ್ತಾ? ಲಂಡನ್ನಿನದಲ್ಲ, ಪ್ಯಾರಿಸ್ಸಿನದಲ್ಲ, ನ್ಯೂಜಿಲೆಂಡಿನದೂ ಅಲ್ಲ. ಸ್ಕಾಟ್ಲೆಂಡಿನ ದಕ್ಷಿಣದ ಗಡಿಯಲ್ಲಿ, ಇಂಗ್ಲೆಂಡಿಗೆ ತಾಗಿಕೊಂಡಿರುವ ಗುಡ್ಡಗಾಡಿನ ಪುಟ್ಟ ಪುಟ್ಟ ಊರುಗಳು ಸೇರಿ 1901ರಲ್ಲಿ ಮಾಡಿಕೊಂಡ ಬಾರ್ಡರ್ ಲೀಗ್. ರಗ್ಬಿ ಯೂನಿಯನ್‌ನಲ್ಲಿ, ಅಂದರೆ ಹದಿನೈದು ಜನರ ಆಟದಲ್ಲಿ, ಅದಕ್ಕಿಂತ ಹಳೆಯದು ಇಲ್ಲ. ಶುರುವಲ್ಲಿ ಐದು ಊರು: ಗಾಲಾ, ಹಾಯ್ಕ್, ಜೆಡ್‌ಬರೋ, ಲ್ಯಾಂಗಮ್, ಮೆಲ್ರೋಸ್. 1912ರಲ್ಲಿ ಸೆಲ್ಕರ್ಕ್ ಮತ್ತು ಕೆಲ್ಸೋ ಸೇರಿದವು. ಪೀಬಲ್ಸ್‌ಗೆ ಜಾಗ ಸಿಕ್ಕಿದ್ದು 1996ರಲ್ಲಿ. ನೂರು ವರ್ಷ ದಾಟಿದ ಲೀಗಿಗೆ ಬರೀ ಎಂಟು ತಂಡ! ಹೊಸಬರನ್ನು ಸೇರಿಸಿಕೊಳ್ಳೋಕೆ ಇವರಿಗೆ ಯಾವ ಆತುರವೂ ಇಲ್ಲ.

ಊರುಗಳು ಎಷ್ಟು ಸಣ್ಣವು ಅಂದರೆ, ಎಲ್ಲಕ್ಕಿಂತ ದೊಡ್ಡದಾದ ಹಾಯ್ಕ್‌ನಲ್ಲಿ ಹದಿನಾಲ್ಕು ಸಾವಿರದ ಆಸುಪಾಸು ಜನ. ಮೆಲ್ರೋಸ್‌ನಲ್ಲಿ ಎರಡೂವರೆ ಸಾವಿರದಷ್ಟು. ನಮ್ಮ ಕಡೆ ಇದನ್ನು ಪಟ್ಟಣ ಅನ್ನೋಕೂ ಯಾರೂ ಒಪ್ಪಲ್ಲ. ಗಾಲಾದಿಂದ ಮೆಲ್ರೋಸ್‌ಗೆ ಆರೇಳು ಕಿಲೋಮೀಟರ್, ಅಷ್ಟೇ. ಟ್ವೀಡ್, ಟೀವಿಯಟ್ ನದಿಗಳ ದಂಡೆಯಲ್ಲಿ ಉಣ್ಣೆಯ ಗಿರಣಿಗಳು, ಹಾಯ್ಕ್‌ನಲ್ಲಿ ಕಾಲುಚೀಲ, ಸ್ವೆಟರ್ ಹೆಣೆಯುವ ಕಾರ್ಖಾನೆಗಳು, ಸುತ್ತ ಕುರಿ, ಹೊಲ. ವಾರವೆಲ್ಲ ಗಿರಣಿಯಲ್ಲೋ ಹೊಲದಲ್ಲೋ ದುಡಿದು ಶನಿವಾರ ಮಧ್ಯಾಹ್ನ ಮೈದಾನಕ್ಕೆ ಇಳಿಯುವ ಗಂಡಸರು. ಇದಕ್ಕೆ ಜೊತೆಯಾಗಿದ್ದು ರೈಲು. 1849ರಲ್ಲೇ ಎಡಿನ್‌ಬರೋದಿಂದ ಹಾಯ್ಕ್‌ವರೆಗೆ ಹಳಿ ಬಂದಿತ್ತು. ತಂಡವೂ ಹೋಗಬಹುದು, ಅದರ ಹಿಂದೆ ಬೈಯೋಕೆ ಊರಿನ ಜನವೂ ಹೋಗಬಹುದು.

ಈ ಊರುಗಳ ಜಗಳ ರಗ್ಬಿಗಿಂತ ಹಳೆಯದು. ಪ್ರತಿ ಬೇಸಿಗೆಯಲ್ಲೂ ಇವರು ಕಾಮನ್ ರೈಡಿಂಗ್ ಅಂತ ಮಾಡುತ್ತಾರೆ. ಊರಿನ ಯುವಕನೊಬ್ಬ ಬಾವುಟ ಹಿಡಿದು ಮುಂದೆ, ಅವನ ಹಿಂದೆ ಕುದುರೆಗಳ ಸಾಲು, ಊರಿನ ಗಡಿಯನ್ನು ಒಂದು ಸುತ್ತು ಹಾಕಿ ಬರೋದು. ಇದು ನಮ್ಮ ಜಾಗ, ಅದು ನಿಮ್ಮದು ಅಂತ ವರ್ಷಕ್ಕೊಮ್ಮೆ ಖಾತ್ರಿ ಮಾಡಿಕೊಳ್ಳುವ ಜನ ಇವರು. ಇಂಥವರ ಕೈಗೆ ಚೆಂಡು ಕೊಟ್ಟರೆ ಇನ್ನೇನಾಗುತ್ತೆ?

ಗಾಲಾ ಮತ್ತು ಮೆಲ್ರೋಸ್ ಕತೆ ಕೇಳಿ. ಮೊದಲು ಎರಡೂ ಊರಿಗೆ ಸೇರಿ ಒಂದೇ ಕ್ಲಬ್ ಇತ್ತು. 1877ರಲ್ಲಿ ಕಿತ್ತಾಡಿಕೊಂಡು ಬೇರೆಯಾದರು. ಮೆಲ್ರೋಸ್‌ನವರು ರಾತ್ರೋರಾತ್ರಿ ಗೋಲ್ ಕಂಬಗಳನ್ನೇ ಕಿತ್ತುಕೊಂಡು ತಮ್ಮೂರಿಗೆ ಹೊತ್ತೊಯ್ದರು ಅಂತ ಇವತ್ತಿಗೂ ಹೇಳುತ್ತಾರೆ. ಎಷ್ಟು ನಿಜವೋ, ಎಷ್ಟು ಮಸಾಲೆಯೋ. ಆಮೇಲೆ 1883ರಲ್ಲಿ ಮೆಲ್ರೋಸ್ ಕ್ಲಬ್ಬಿಗೆ ಕಾಸಿನ ತಾಪತ್ರಯ ಬಂತು. ನೆಡ್ ಹೇಗ್ ಅನ್ನುವ ಕಟುಕ, ಅದೇ ಕ್ಲಬ್ಬಿನ ಆಟಗಾರ, ಒಂದು ಉಪಾಯ ಹೇಳಿದ. ಒಂದೇ ಮಧ್ಯಾಹ್ನದಲ್ಲಿ ಹಲವು ತಂಡಗಳ ಪಂದ್ಯಾವಳಿ ಮಾಡೋಣ, ತಲಾ ಹದಿನೈದು ಜನ ಆದರೆ ಮುಗಿಯಲ್ಲ, ಏಳೇಳು ಜನ ಸಾಕು. ಸೆವೆನ್ಸ್ ಹುಟ್ಟಿದ್ದು ಹೀಗೆ. ಒಲಿಂಪಿಕ್ಸ್‌ನಲ್ಲಿ ಆಡೋದು ಅದೇ, ನಮ್ಮ ಬ್ರೇವ್‌ಹಾರ್ಟ್ಸ್ ಅಂಧೇರಿಯಲ್ಲಿ ಆಡಿದ್ದೂ ಅದೇ. ಆ ಮೊದಲ ಪಂದ್ಯಾವಳಿಯ ಫೈನಲ್‌ಗೆ ಯಾರು ಬಂದರು ಅಂತೀರಿ? ಮೆಲ್ರೋಸ್ ಮತ್ತು ಗಾಲಾ! ಸಮಯ ಮುಗಿದರೂ ಸಮ. ಹೆಚ್ಚುವರಿ ಆಟ ಅಂತ ತೀರ್ಮಾನ ಆಯಿತು. ಮೆಲ್ರೋಸ್ ಒಂದು ಟ್ರೈ ಹೊಡೆಯಿತು, ಅಂದರೆ ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಿತು, ಹೊಡೆದ ತಕ್ಷಣ ಗೆದ್ದೆವು ಅಂತ ಮೈದಾನ ಬಿಟ್ಟು ನಡೆದೇ ಬಿಟ್ಟಿತು. ಗಾಲಾದವರು ಇನ್ನೂ ಆಟ ಬಾಕಿ ಇದೆ ಅಂತ ಕೂಗುತ್ತಲೇ ಇದ್ದರು. ಕಪ್ ಮಾತ್ರ ಮೆಲ್ರೋಸ್‌ಗೇ ಹೋಯಿತು.

ಇನ್ನು ಲೀಗಿನ ವಿಷಯ. 1901ರಲ್ಲಿ ಇದು ಸುಲಭದ ಕೆಲಸ ಆಗಿರಲಿಲ್ಲ. ಯಾಕಂದರೆ ಆರು ವರ್ಷ ಮುಂಚೆ, 1895ರ ಆಗಸ್ಟ್‌ನಲ್ಲಿ, ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಹಡರ್ಸ್‌ಫೀಲ್ಡ್‌ನ ಒಂದು ಹೋಟೆಲಿನಲ್ಲಿ ಸಭೆ ಸೇರಿ, ಆಟ ನಡೆಸುತ್ತಿದ್ದ ಸಂಸ್ಥೆಯಾದ ಯೂನಿಯನ್ ಬಿಟ್ಟು ಹೊರಬಂದಿದ್ದವು. ಆಟಕ್ಕೆ ಅಂತ ರಜೆ ಹಾಕಿದ ಗಣಿ ಕಾರ್ಮಿಕನಿಗೆ, ಗಿರಣಿ ಕೆಲಸಗಾರನಿಗೆ ಆ ದಿನದ ಕೂಲಿಯನ್ನಾದರೂ ಕೊಡಬೇಕು ಅನ್ನೋದು ಅವರ ವಾದ. ಕೊಡಬಾರದು ಅನ್ನೋದು ದೊಡ್ಡ ಶಾಲೆಗಳಲ್ಲಿ ಓದಿದ ಸಾಹೇಬರ ವಾದ. ಸಾಹೇಬರಿಗೆ ಕೂಲಿ ಕಳೆದುಕೊಳ್ಳುವ ಕಷ್ಟ ಎಲ್ಲಿಂದ ಗೊತ್ತಿರಬೇಕು! ಆ ಜಗಳ ಆದಮೇಲೆ ಪಾಯಿಂಟು, ಪಟ್ಟಿ, ಚಾಂಪಿಯನ್ ಇವೆಲ್ಲ ಯೂನಿಯನ್‌ನ ದೊಡ್ಡವರಿಗೆ ಆಗದ ವಿಷಯವಾದವು. ಪಟ್ಟಿ ಬಂದರೆ ಗೆಲ್ಲುವ ಆಸೆ, ಗೆಲ್ಲುವ ಆಸೆ ಬಂದರೆ ದುಡ್ಡು, ದುಡ್ಡು ಬಂದರೆ ಆಟ ಕೆಟ್ಟಿತು ಅಂತ ಅವರ ಲೆಕ್ಕ. ಎಡಿನ್‌ಬರೋ ಕಡೆ ಹಳೆಯ ವಿದ್ಯಾರ್ಥಿಗಳ ಕ್ಲಬ್ಬುಗಳು ಸುಮ್ನೆ ಸ್ನೇಹದ ಪಂದ್ಯ ಆಡಿಕೊಂಡು ಇದ್ದವು. ಇಂಗ್ಲೆಂಡಿನಲ್ಲಿ ಯೂನಿಯನ್ ಕ್ಲಬ್ಬುಗಳಿಗೆ ದೇಶದ ಮಟ್ಟದ ಲೀಗು ಬಂದಿದ್ದು 1987ರಲ್ಲಿ. ಸ್ಕಾಟ್ಲೆಂಡಿನಲ್ಲೇ 1973ರಲ್ಲಿ. ಅಲ್ಲಿಯವರೆಗೆ ಯಾರು ಚಾಂಪಿಯನ್ ಅಂತ ಪತ್ರಿಕೆಯವರು ತಾವೇ ಲೆಕ್ಕ ಹಾಕುತ್ತಿದ್ದರು. ಬಾರ್ಡರ್‌ನವರು ಮಾತ್ರ ಎಪ್ಪತ್ತು ವರ್ಷ ಮೊದಲೇ ತಮ್ಮ ಪಾಡಿಗೆ ಲೀಗು ಮಾಡಿಕೊಂಡು ಆಡುತ್ತಿದ್ದರು. ದುಡ್ಡು ಮಾತ್ರ ಮುಟ್ಟಲಿಲ್ಲ. ಮುಟ್ಟಿದ್ದರೆ ಹೊರಗೆ.

ಮುಟ್ಟಿದವರ ಪಾಡು ಕೇಳಬೇಡಿ. ಹಾಯ್ಕ್‌ನ ಡೇವ್ ವ್ಯಾಲೆಂಟೈನ್ ಸ್ಕಾಟ್ಲೆಂಡಿಗೆ ಆಡಿದವನು, ಆಮೇಲೆ ದುಡಿಮೆಗಾಗಿ ರಗ್ಬಿ ಲೀಗ್ ಸೇರಿದ, ಅಂದರೆ 1895ರಲ್ಲಿ ಹೊರಬಂದ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳ, ದುಡ್ಡು ಕೊಡುವ ಆಟ. 1954ರಲ್ಲಿ ಫ್ರಾನ್ಸ್‌ನಲ್ಲಿ ಆ ಆಟದ ಮೊದಲ ವಿಶ್ವಕಪ್ ಆದಾಗ ಬ್ರಿಟನ್ ತಂಡದ ನಾಯಕನಾಗಿ ಕಪ್ ಗೆದ್ದ. ಆದರೂ ಇಂಥವರಿಗೆಲ್ಲ ಯೂನಿಯನ್ ಆಟದ ಬಾಗಿಲು ಜೀವನಪೂರ್ತಿ ಬಂದ್. ಈ ಶುದ್ಧ ಅಮೆಚೂರ್ ನಿಯಮವನ್ನು ಹೊಗಳುವವರನ್ನು ಕಂಡರೆ ನನಗೆ ಆಗಲ್ಲ. ನಾನು ಬಾರ್ಡರ್ ಲೀಗನ್ನು ಮೆಚ್ಚೋದು ಅದು ಬಡವರ ಲೀಗು ಅಂತಲೂ ಅಲ್ಲ. ಅಲ್ಲಿ ಗೆದ್ದರೆ ನಾಳೆ ಬೆಳಗ್ಗೆ ಕೆಲಸದ ಜಾಗದಲ್ಲಿ ಸೋತವನ ಮುಖ ನೋಡಬಹುದಲ್ಲ, ಅದಕ್ಕೆ.

ಲೀಗು ನಡೆಯೋದು ಹೇಗೆ ಅಂದರೆ ತಲೆನೋವಿನ ಕೆಲಸ. 1973ರಲ್ಲಿ ರಾಷ್ಟ್ರೀಯ ಲೀಗು ಬಂದಮೇಲೆ ಶನಿವಾರಗಳೆಲ್ಲ ಅದಕ್ಕೇ ಹೋದವು. ಬಾರ್ಡರ್ ಲೀಗಿಗೆ ಉಳಿದಿದ್ದು ವಾರದ ನಡುವಿನ ರಾತ್ರಿಗಳು, ದೀಪದ ಬೆಳಕಿನ ಆಟ. ದಿನ ಸಾಲದೆ ಇನ್ನೊಂದು ಉಪಾಯವೂ ಮಾಡಿಕೊಂಡರು. ಎರಡು ಬಾರ್ಡರ್ ಕ್ಲಬ್ಬುಗಳು ರಾಷ್ಟ್ರೀಯ ಲೀಗಿನಲ್ಲಿ ಎದುರಾದರೆ ಅದೇ ಪಂದ್ಯದ ಫಲಿತಾಂಶವನ್ನು ಇಲ್ಲಿಗೂ ಲೆಕ್ಕಕ್ಕೆ ಹಿಡಿಯೋದು. ಒಂದು ಪಂದ್ಯ, ಎರಡು ಪಟ್ಟಿ. ಕೊನೆಗೆ ಮೇಲಿನ ಎರಡು ತಂಡ ಸಮ ಆದರೆ ಮೂರನೇ ಊರಿನ ಮೈದಾನದಲ್ಲಿ ಪ್ಲೇ ಆಫ್. ಆ ಮೂರನೇ ಊರಿನವರು ಟಿಕೆಟ್ ಕೊಂಡು ಬಂದು ಇಬ್ಬರೂ ಸೋಲಲಿ ಅಂತ ಹಾರೈಸುತ್ತಾರೆ ಅನ್ನೋದು ನನ್ನ ಗುಮಾನಿ.

ಅತಿ ಹೆಚ್ಚು ಸಲ ಗೆದ್ದಿರೋದು ಹಾಯ್ಕ್. ಹಸಿರು ಅಂಗಿಯವರು. ರಾಷ್ಟ್ರೀಯ ಲೀಗು ಶುರುವಾದ ಮೊದಲ ಐದು ವರ್ಷವೂ ಚಾಂಪಿಯನ್ ಇವರೇ. ಎಲ್ಲಿಂದ ಬಂತು ಆ ತಾಕತ್ತು? ಎಪ್ಪತ್ತು ವರ್ಷ ಪಾಯಿಂಟಿಗಾಗಿ ಆಡಿ ಅಭ್ಯಾಸ ಇದ್ದವರು, ಸ್ನೇಹಕ್ಕೆ ಆಡಿಕೊಂಡಿದ್ದವರ ಎದುರು ಇಳಿದರು, ಅಷ್ಟೇ. ಬಿಬಿಸಿಯಲ್ಲಿ ದಶಕಗಟ್ಟಲೆ ರಗ್ಬಿಯ ದನಿಯಾಗಿದ್ದ ಬಿಲ್ ಮೆಕ್ಲಾರೆನ್ ಕೂಡ ಇದೇ ಊರಿನ ವ್ಯಾಯಾಮ ಮೇಷ್ಟ್ರು.

ಇಡೀ ಬಾರ್ಡರ್ ಜಿಲ್ಲೆಯ ಜನಸಂಖ್ಯೆ ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ. 1984ರಲ್ಲಿ ಸ್ಕಾಟ್ಲೆಂಡ್ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದ, ಅಂದರೆ ಐದು ದೇಶಗಳ ವಾರ್ಷಿಕ ಪಂದ್ಯಾವಳಿಯಲ್ಲಿ ಎಲ್ಲರನ್ನೂ ಸೋಲಿಸಿದ ತಂಡ ನೋಡಿ: ನಾಯಕ ಜಿಮ್ ಏಟ್‌ಕೆನ್ ಗಾಲಾ ಕ್ಲಬ್ಬಿನವನು, ಕಿಕ್ ಹೊಡೆದ ಪೀಟರ್ ಡಾಡ್ಸ್ ಅದೇ ಕ್ಲಬ್ಬು, ಜಾನ್ ರದರ್‌ಫರ್ಡ್ ಸೆಲ್ಕರ್ಕ್, ರಾಯ್ ಲೇಡ್ಲಾ ಜೆಡ್‌ಬರೋದ ಎಲೆಕ್ಟ್ರಿಷಿಯನ್, ಕಾಲಿನ್ ಡೀನ್ಸ್ ಹಾಯ್ಕ್. ಕೋಚ್ ಜಿಮ್ ಟೆಲ್ಫರ್ ಮೆಲ್ರೋಸ್‌ನವನು, ಕೆಮಿಸ್ಟ್ರಿ ಮೇಷ್ಟ್ರು. ವಾರದ ದಿನ ಒಬ್ಬರನ್ನೊಬ್ಬರು ಕೆಸರಲ್ಲಿ ಹೂಳೋಕೆ ನೋಡುವವರು ಒಂದೇ ನೀಲಿ ಅಂಗಿ ತೊಟ್ಟು ಇಂಗ್ಲೆಂಡನ್ನು ಸೋಲಿಸಿದರು.

ಇಂಗ್ಲೆಂಡ್ ಅಂದಾಗ ನಮ್ಮ ದೇಶದ ನಂಟನ್ನೂ ಹೇಳಿಬಿಡ್ತೀನಿ. ಈ ಎರಡು ದೇಶ ಆಡೋದು ಕಲ್ಕತ್ತಾ ಕಪ್‌ಗೆ. ಕಲ್ಕತ್ತಾದಲ್ಲಿ ಬ್ರಿಟಿಷರ ರಗ್ಬಿ ಕ್ಲಬ್ಬೊಂದಿತ್ತು. ಪುಕ್ಕಟೆ ಕುಡಿತ ನಿಂತಮೇಲೆ ಸದಸ್ಯರು ಕರಗಿದರಂತೆ! ಕ್ಲಬ್ ಮುಚ್ಚುವಾಗ ಬ್ಯಾಂಕಿನಲ್ಲಿದ್ದ 270 ಬೆಳ್ಳಿ ರೂಪಾಯಿ ತೆಗೆದು ಕರಗಿಸಿ ಕಪ್ ಮಾಡಿಸಿದರು. ಹಿಡಿಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಆ ಕಪ್‌ಗೆ ಆಡುತ್ತಿದ್ದಾರೆ. 1988ರಲ್ಲಿ ಕೆಲ್ಸೋದ ರೈತ ಜಾನ್ ಜೆಫ್ರಿ ಮತ್ತು ಇಂಗ್ಲೆಂಡಿನ ಡೀನ್ ರಿಚರ್ಡ್ಸ್ ಕುಡಿದ ಅಮಲಿನಲ್ಲಿ ಅದನ್ನೇ ಎಡಿನ್‌ಬರೋ ಬೀದಿಯಲ್ಲಿ ಒದ್ದು ಆಡಿ ಜಜ್ಜಿಹಾಕಿದರು. ಜೆಫ್ರಿಗೆ ತಿಂಗಳುಗಟ್ಟಲೆ ನಿಷೇಧ ಬಿತ್ತು, ರಿಚರ್ಡ್ಸ್ ಹಗುರವಾಗಿ ಪಾರಾದ. ನಮ್ಮ ರೂಪಾಯಿಗೆ ಎಂಥಾ ಗತಿ ನೋಡಿ.

1995ರ ಆಗಸ್ಟ್‌ನಲ್ಲಿ ರಗ್ಬಿ ಯೂನಿಯನ್ ಸಂಬಳದ ಆಟಕ್ಕೆ ಒಪ್ಪಿತು. ಮರುವರ್ಷ ಸ್ಕಾಟಿಷ್ ಯೂನಿಯನ್ ಇಡೀ ಪ್ರದೇಶಕ್ಕೆ ಒಂದು ವೃತ್ತಿಪರ ತಂಡ ಮಾಡಿತು, ಬಾರ್ಡರ್ ರೀವರ್ಸ್ ಅಂತ. ಎರಡೇ ವರ್ಷಕ್ಕೆ ಎಡಿನ್‌ಬರೋ ಜೊತೆ ಸೇರಿಸಿ ಮುಗಿಸಿದರು. 2002ರಲ್ಲಿ ಮತ್ತೆ ಎಬ್ಬಿಸಿದರು, 2007ರಲ್ಲಿ ಮತ್ತೆ ಮುಚ್ಚಿದರು. ದುಡ್ಡಿರಲಿಲ್ಲ ಅನ್ನೋದು ನಿಜ. ಆದರೆ ಜನವೂ ಬರಲಿಲ್ಲ. ತಂಡ ಆಡುತ್ತಿದ್ದದ್ದು ಗಾಲಾದ ನೆದರ್‌ಡೇಲ್ ಮೈದಾನದಲ್ಲಿ. ಹಾಯ್ಕ್‌ನವನು ಗಾಲಾಕ್ಕೆ ಹೋಗಿ ಚಪ್ಪಾಳೆ ತಟ್ಟಬೇಕಾ? ಅವನ ಅಪ್ಪ, ಅವನ ತಾತ ಅಲ್ಲಿಗೆ ಹೋಗುತ್ತಿದ್ದದ್ದೇ ಬೈಯೋಕೆ. ಆಫೀಸಿನಲ್ಲಿ ಕೂತು ನಕ್ಷೆಯ ಮೇಲೆ ಗೆರೆ ಎಳೆದವರಿಗೆ ಇದು ಹೊಳೆಯಲೇ ಇಲ್ಲ. 2019ರಲ್ಲಿ ಸೂಪರ್ ಸಿಕ್ಸ್ ಅಂತ ಅರೆ ವೃತ್ತಿಪರ ಲೀಗು ತಂದು ಮೆಲ್ರೋಸ್‌ನಲ್ಲಿ ಸದರ್ನ್ ನೈಟ್ಸ್ ಅನ್ನೋ ತಂಡ ಕೂರಿಸಿದರು. 2024ಕ್ಕೆ ಅದೂ ನಿಂತಿತು. ಅದರಿಂದ ಹೊರಗೇ ಇದ್ದ ಹಾಯ್ಕ್ 2023ರಲ್ಲಿ ಕ್ಲಬ್ಬುಗಳ ರಾಷ್ಟ್ರೀಯ ಪ್ರೀಮಿಯರ್‌ಶಿಪ್ ಗೆದ್ದುಕೊಂಡಿತು.

ಹಾಗಂತ ಬಾರ್ಡರ್ ಲೀಗು ಸುಖವಾಗಿದೆ ಅಂದುಕೊಳ್ಳಬೇಡಿ. ಗಿರಣಿಗಳು ಹೆಚ್ಚಿನವು ಮುಚ್ಚಿವೆ, ಹುಡುಗರು ಓದೋಕೆ, ಕೆಲಸಕ್ಕೆ ಊರು ಬಿಡುತ್ತಾರೆ. ಲ್ಯಾಂಗಮ್ ಬಾರ್ಡರ್ ಊರುಗಳಲ್ಲೇ ಮೊದಲ ಕ್ಲಬ್, 1871ರದ್ದು. 1958-59ರಲ್ಲಿ ಒಂದು ಪಂದ್ಯವನ್ನೂ ಸೋಲದೆ ಸ್ಕಾಟ್ಲೆಂಡಿಗೇ ಚಾಂಪಿಯನ್ ಅನ್ನಿಸಿಕೊಂಡಿತ್ತು. ಈಗ ಕೆಳಗಿನ ಹಂತಗಳಲ್ಲಿ ಏಗುತ್ತಿದೆ. ಅದನ್ನೂ ಹಾಯ್ಕ್‌ನನ್ನೂ ಒಂದೇ ಮೈದಾನಕ್ಕೆ ಇಳಿಸಿದರೆ ಆಟ ಏನಾಗುತ್ತೆ ಹೇಳಿ. ವಾರಕ್ಕೆ ಎರಡು ಪಂದ್ಯ ಆಡೋಕೆ ಮೈಯೂ ಬೇಕಲ್ಲ. ಲೀಗು ಯಾಕಿನ್ನೂ ಬೇಕು ಅಂತ ಕೇಳುವವರು ಅಲ್ಲೂ ಇದ್ದಾರೆ, ಅವರ ಮಾತಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ.

ನನ್ನ ತಕರಾರು ಇಷ್ಟೇ. ತಂಡವನ್ನು ಹರಾಜಿನಲ್ಲಿ ಕೊಳ್ಳಬಹುದು, ಫಿಜಿಯಿಂದ, ಅರ್ಜೆಂಟೀನಾದಿಂದ ಒಳ್ಳೆ ಆಟಗಾರರನ್ನು ಕರೆಸಬಹುದು. ಎದುರಾಳಿಯನ್ನು ಕೊಳ್ಳೋಕೆ ಆಗಲ್ಲ. ಅದಕ್ಕೆ ಬೆಂಗಳೂರಿನ ತಂಡ ಬೆಂಗಳೂರಿನಲ್ಲಿ ಆಡಬೇಕು, ಚೆನ್ನೈಯವರು ರೈಲು ಹತ್ತಿ ಬರಬೇಕು, ಕೆಟ್ಟ ರೆಫರಿ ನಿರ್ಧಾರವೊಂದನ್ನು ಹತ್ತು ವರ್ಷ ಮರೆಯದೆ ಇರಬೇಕು. ಎಲ್ಲರನ್ನೂ ಅಂಧೇರಿಯಲ್ಲಿ ಒಟ್ಟುಹಾಕಿ ಎರಡು ವಾರದಲ್ಲಿ ಮುಗಿಸಿದರೆ ಯಾರ ಮೇಲೆ ಹಗೆ ಸಾಧಿಸೋದು ಮಾರಾಯ್ರೇ?

ಕೆಲಸಕ್ಕೆ, ಓದಿಗೆ ಅಂತ ಎಡಿನ್‌ಬರೋದಲ್ಲಿರುವ ನಮ್ಮ ಕನ್ನಡದವರಿಗೆ ಒಂದು ಮಾತು. 1969ರಲ್ಲಿ ಮುಚ್ಚಿದ್ದ ಆ ಹಳೆಯ ರೈಲು ದಾರಿ 2015ರಲ್ಲಿ ಟ್ವೀಡ್‌ಬ್ಯಾಂಕ್‌ವರೆಗೆ ಮತ್ತೆ ತೆರೆದಿದೆ, ಒಂದು ಗಂಟೆಯ ಪ್ರಯಾಣ. ಏಪ್ರಿಲ್‌ನಲ್ಲಿ ಮೆಲ್ರೋಸ್ ಸೆವೆನ್ಸ್‌ಗೆ ಎಲ್ಲರೂ ಹೋಗ್ತಾರೆ, ನೀವೂ ಹೋಗಿ. ಆದರೆ ಸಾಧ್ಯವಾದರೆ ಯಾವುದಾದರೂ ವಾರದ ರಾತ್ರಿ, ಮಳೆಯಲ್ಲಿ, ಎರಡು ಬಾರ್ಡರ್ ಊರು ಆಡೋದನ್ನು ನೋಡಿ ಬನ್ನಿ. ಗಾಲಾದಲ್ಲಿ ಇಳಿದರೆ ಒಂದು ಎಚ್ಚರ: ಸೆವೆನ್ಸ್ ಕಂಡುಹಿಡಿದ ಮೆಲ್ರೋಸ್‌ನವರು ಎಷ್ಟು ಜಾಣರು ಅಂತ ಅಲ್ಲಿ ಯಾರ ಎದುರೂ ಹೇಳಬೇಡಿ. 1883ರ ಆ ಹೆಚ್ಚುವರಿ ಆಟದ ಪಂಚಾಯ್ತಿ ಶುರುವಾದರೆ ಕೊನೆಯ ರೈಲು ತಪ್ಪುತ್ತೆ.